ಎಷ್ಟು ಕೊಡ್ತದೆ?

ನಮ್ಮ ಅಳಿಯಪ್ಪನ ವಿಷಯ ಹೇಳಿ ಅಂದ್ರಲ್ಲ, ಹೇಳ್ತೀನಿ. ಮಧ್ಯೆ ಬಾಯಿ ಹಾಕಬಾರದು, ಅಷ್ಟೇ. ನಾನು ಅಗರದ ಚಿಕ್ಕಬಸಮ್ಮ. ಏಳನೇ ಕ್ಲಾಸು ಪಾಸು, ನಮ್ಮೂರ ಹೆಂಗಸರ ಸಂಘಕ್ಕೆ ಅಧ್ಯಕ್ಷೆ ಆಗಿದ್ದೋಳು. ನಮ್ಮ ಯಳಂದೂರು ಕಡೆ ಜನ 'ಹ'ಕಾರನ ಮುದ್ದೆ ಜೊತೆ ನುಂಗಿಬಿಟ್ಟವ್ರೆ, ನನ್ನ ಬಾಯಲ್ಲಿ ಮಾತ್ರ ಅದು ನೆಟ್ಟಗೆ ಬರುತ್ತೆ. ಸಿಟ್ಟು ನೆತ್ತಿಗೇರಿದಾಗ ಮಾತ್ರ ಎಲ್ಲಿಗೋ ಹಾರಿಹೋಗುತ್ತೆ. ಅಂಥ ಹೊತ್ತಲ್ಲಿ ನನ್ನ ಎದುರು ಯಾರೂ ನಿಲ್ಲಬೇಡಿ.

ಅಳಿಯನ ಹೆಸರನ್ನ ಅತ್ತೆ ಆದೋಳು ಬಾಯಿಬಿಟ್ಟು ಹೇಳಬಾರದು. ಆದ್ರೆ ನಿಮಗೆ ತಿಳೀಬೇಕಲ್ಲ. ಶಿವನ ಆರಕ್ಷರದ ಮಂತ್ರ ಇದೆಯಲ್ಲ, ಓಂ ನಮಃ ಶಿವಾಯ, ಅದನ್ನ ಏನಂತ ಕರೀತಾರೆ? ಷಡಕ್ಷರಿ ಅಂದ್ರಾ? ಹೂಂ, ಅದೇ. ನೀವೇ ಹೇಳಿದ್ದು, ನಾನಲ್ಲ.

ಊರು ಕಾಮಗೆರೆ. ಸ್ವಂತದ್ದೊಂದು ಪಿಕಪ್ ಗಾಡಿ. ಕೊಳ್ಳೇಗಾಲ, ಹನೂರು, ಯಳಂದೂರು ಅಂತ ಬಾಡಿಗೆ ಹೊಡೀತಾರೆ. ಬೀಡಿ ಸೇದಲ್ಲ, ಕುಡಿಯಲ್ಲ, ಇಸ್ಪೀಟು ಮುಟ್ಟಲ್ಲ. ನನ್ನ ಮಗಳು ಪುಷ್ಪನ ಕೊಡುವಾಗ ನಾಲ್ಕೂರು ವಿಚಾರಿಸಿದೆ, ಒಬ್ಬರೂ ಕೆಟ್ಟ ಮಾತು ಆಡಲಿಲ್ಲ. ದಾರೀಲಿ ಯಾರ ಗಾಡಿ ಕೆಟ್ಟು ನಿಂತಿದ್ರೂ ಇಳಿದು ಕೈ ಹಾಕೋ ಮನುಷ್ಯ. ಅಂಥ ಚಿನ್ನದಂಥ ಅಳಿಯನಿಗೆ ಮದುವೆ ಆದ ಮೇಲೆ ಒಂದು ಚಟ ಅಂಟಿಕೊಳ್ತು ನೋಡಿ. ಮೈಲೇಜು!

ನಮ್ಮ ಕಡೆ ಹಸ ಕಟ್ಟಿದೋರನ್ನ ಕೇಳೋದೂ ಒಂದೇ, ಗಾಡಿ ಇಟ್ಟೋರನ್ನ ಕೇಳೋದೂ ಒಂದೇ: "ಎಷ್ಟು ಕೊಡ್ತದೆ?" ಹಸ ಆದ್ರೆ ಹಾಲಿನ ಲೆಕ್ಕ, ಗಾಡಿ ಆದ್ರೆ ಲೀಟರಿಗೆ ಎಷ್ಟು ಕಿಲೋಮೀಟ್ರು ಅನ್ನೋ ಲೆಕ್ಕ. ಒಂದಿನ ಹನೂರಿನ ಬಸ್ ಸ್ಟ್ಯಾಂಡ್ ಹತ್ರ ನಿಂಗರಾಜು ಅನ್ನೋ ಪುಣ್ಯಾತ್ಮ ಸಿಕ್ಕಿದ್ದಾನೆ. ಅವನದ್ದೂ ಇವ್ರದ್ದೂ ಒಂದೇ ತರದ ಗಾಡಿ, ಒಂದೇ ಬಣ್ಣ. "ಎಷ್ಟು ಕೊಡ್ತದೆ?" ಅಂತ ಇವ್ರು ಕೇಳಿದ್ದಾರೆ. "ಹದಿನೆಂಟು" ಅಂದಿದ್ದಾನೆ ಅವನು, ಹಲ್ಲುಕಡ್ಡಿ ಕಚ್ಕೊಂಡು. ನಮ್ಮವ್ರದ್ದು ಹದಿನಾಲ್ಕು. ಅವತ್ತು ಮನೆಗೆ ಬಂದು ಊಟ ಸೇರಲಿಲ್ಲವಂತೆ. ಹೆತ್ತ ತಾಯಿಗೆ ಜ್ವರ ಬಂದಾಗಲೂ ಎರಡು ಮುದ್ದೆ ಇಳಿಸಿದ ಮನುಷ್ಯ.

ಮಾರನೇ ದಿನದಿಂದ ಶುರುವಾಯ್ತು. ಗಾಡಿ ತೂಕ ಇಳಿದ್ರೆ ಮೈಲೇಜು ಏರುತ್ತೆ ಅಂತ ಯಾರೋ ಫೋನಿನ ವೀಡಿಯೋದಲ್ಲಿ ಹೇಳಿದ್ದನಂತೆ. ಮೊದಲು ಸ್ಟೆಪ್ನಿ ಚಕ್ರ ಬಿಚ್ಚಿದ್ರು. ಆಮೇಲೆ ಜಾಕಿ. ಆಮೇಲೆ ಮುಂದಿನ ಕಬ್ಬಿಣದ ಗಾರ್ಡು. ಹಿಂದೆ ಸಾಮಾನು ಬೀಳದ ಹಾಗೆ ಇರುತ್ತಲ್ಲ ಬಾಗಿಲು, ಅದೂ ಹೋಯ್ತು. ಸೀಟಿನ ಬೆಲ್ಟೂ ಹೋಯ್ತು. "ಬೆಲ್ಟು ಎಷ್ಟು ತೂಕ ಇರುತ್ತಪ್ಪಾ?" ಅಂತ ನಾನು ಕೇಳಿದ್ರೆ, "ಅಂಗೇ ಅಲ್ವಾ ಅತ್ತೆ, ಒಸಿ ಒಸಿ ಸೇರಿನೇ ಜಾಸ್ತಿ ಆಗದು" ಅಂದ್ರು. ಒಂದ್ಸಲ ನಾನು ಕಾಮಗೆರೆಗೆ ಹೋಗಿ ನೋಡ್ತೀನಿ, ಅರ್ಧ ಗಾಡಿ ಮನೆಯೊಳಗಿದೆ! ಸ್ಟೆಪ್ನಿ ಮೇಲೆ ಪುಷ್ಪ ಹಪ್ಪಳ ಒಣಗಹಾಕವ್ಳೆ. ಜಾಕಿ ಅಕ್ಕಿ ಡಬ್ಬದ ಹಿಂದೆ. ಹಿಂದಿನ ಬಾಗಿಲು ಬಚ್ಚಲಲ್ಲಿ ಬಟ್ಟೆ ಒಗೆಯೋ ಕಲ್ಲಿನ ಜಾಗದಲ್ಲಿ. ಬಂದೋರಿಗೆ ಕೂರೋಕೆ ಕಬ್ಬಿಣದ ಗಾರ್ಡು. ನಾನೂ ಅದರ ಮೇಲೇ ಕೂತು ಕಾಫಿ ಕುಡಿದೆ, ಏನ್ ಮಾಡೋದು.

ಇದೆಲ್ಲ ಸಾಯ್ಲಿ. ಬ್ರೇಕಿಗೂ ಕೈ ಹಾಕಿದ್ರು ಅನ್ನೋದೇ ನನ್ನ ಎದೆ ಒಡೆದದ್ದು. ಬ್ರೇಕು ಬಿಗಿಯಾಗಿದ್ರೆ ಚಕ್ರಕ್ಕೆ ಉಜ್ಜುತ್ತಂತೆ, ಉಜ್ಜಿದ್ರೆ ಚಕ್ರ ಸಲೀಸಾಗಿ ತಿರುಗಲ್ಲವಂತೆ, ಅದಕ್ಕೇ ಒಸಿ ಸಡಿಲ ಮಾಡಿಸಿದ್ರಂತೆ. ಹ್ಯಾಂಡ್‌ಬ್ರೇಕ್ ವೈರು ಪೂರ್ತಿ ಕಿತ್ತೇ ಹಾಕಿದ್ರು. "ಮತ್ತೆ ನಿಲ್ಲಿಸೋದು ಹೆಂಗೆ?" ಅಂದೆ. "ನಿಲ್ಸುದ್ರೆ ಮೈಲೇಜ್ ಬರಾಕಿಲ್ಲ ಅತ್ತೆ" ಅಂದ್ರು. ಈ ಮಾತಿಗೆ ನಗಬೇಕೋ ಅಳಬೇಕೋ ನೀವೇ ಹೇಳಿ. ಬೇಡ, ಸುಮ್ನಿರಿ, ನಾನೇ ಹೇಳ್ತೀನಿ.

ಬಾಡಿಗೇಲೂ ಅದೇ ಕತೆ. ಹಲಸಿನ ಹಣ್ಣು ತುಂಬ್ತೀನಿ ಅಂದೋರಿಗೆ ಗಾಡಿ ಇಲ್ಲ. ಕಲ್ಲು, ಇಟ್ಟಿಗೆ ಅಂದ್ರೆ ಫೋನೇ ಇಟ್ಬಿಡೋರು. ರೇಷ್ಮೆಗೂಡು ಅಂದ್ರೆ ಬಲು ಪ್ರೀತಿ, ಅದು ಗಾಡಿ ತುಂಬ ಇದ್ರೂ ತೂಕ ಇರಲ್ಲ ನೋಡಿ. ಕಡ್ಲೆಪುರಿ ಮೂಟೆ ಅಂದ್ರೆ ರಾತ್ರಿ ಕನಸೆಲ್ಲ ಅದೇ. ದಾರೀಲಿ ಯಾರಾದ್ರೂ ಕೈ ಅಡ್ಡ ಹಾಕಿದ್ರೆ ಮೊದಲು ಎಲ್ಲಿಗೆ ಅಂತ ಕೇಳೋರು, ಈಗ ಮೇಲಿಂದ ಕೆಳಗೆ ನೋಡಿ, "ಎಷ್ಟು ತೂಕ ಇದ್ದೀರಿ?" ಅನ್ನೋರು. ಸ್ವಂತ ದೊಡ್ಡಪ್ಪನಿಗೇ ಹಂಗೆ ಕೇಳಿ, ಆ ವಯ್ಯ ಇವತ್ತಿಗೂ ಮಾತಾಡಲ್ಲ.

ಸರಿ, ಇನ್ನು ನನ್ನ ಸರದಿ.

ಯುಗಾದಿ ಕಳೆದ ಮೇಲೆ ಅಳಿಯಪ್ಪನೇ ನನ್ನನ್ನ ಕಾಮಗೆರೆಯಿಂದ ಅಗರಕ್ಕೆ ಬಿಡೋಕೆ ಬಂದ್ರು. ಕೊಳ್ಳೇಗಾಲ ದಾಟಿ ನಮ್ಮೂರವರೆಗೂ ಎಲ್ಲ ಚೆನ್ನಾಗಿತ್ತು. ನಮ್ಮ ಬೀದಿಗೆ ಹೋಗಬೇಕಾದ್ರೆ ಕೆರೆ ಏರಿ ಹತ್ತೋ ಒಂದು ದಿಬ್ಬ ಇದೆ. ಕಡಿದಾದ ದಿಬ್ಬ. ಬುಡದಲ್ಲಿ ರಸ್ತೆ ತಿರುಗುತ್ತೆ, ಆ ತಿರುವಿನ ಪಕ್ಕಕ್ಕೇ ಕೆರೆ ಕೋಡಿಯ ಹಳ್ಳ. ದಿಬ್ಬದ ನಡುಮಧ್ಯ ಒಂದು ಹೊಂಗೆ ಮರ. ಗಾಡಿ ಮರದವರೆಗೂ ಬಂದು ಏದುಸಿರು ಬಿಡ್ತು. ಅಳಿಯಪ್ಪ ನಿಲ್ಲಿಸಿದ್ರು, ಚಕ್ರದ ಹಿಂದಕ್ಕೆ ಕಲ್ಲು ಕೊಟ್ರು, ನನ್ನ ಕಡೆ ಬಂದು ಬಾಗಿಲು ತೆಗೆದ್ರು. ಪಾಪ, ಮರ್ಯಾದೆ ಮಾಡ್ತವ್ರೆ ಅಂದ್ಕೊಂಡೆ.

"ಅತ್ತೆ, ಬೇಜಾರ್ ಮಾಡ್ಕಬ್ಯಾಡಿ. ಒಸಿ ಇಳ್ದು ನಡ್ಕಂಡ್ ಬತ್ತೀರಾ? ಒಂದನೇ ಗೇರ್ ಆಕುದ್ರೆ ಡೀಸೆಲ್ ಕುಡೀತದೆ."

ನನ್ನ ಕಿವಿ ನನಗೇ ನಂಬೋಕಾಗಲಿಲ್ಲ. ನಾನು ದಪ್ಪಗಿದ್ದೀನಿ, ಒಪ್ಪಿದೆ. ಅದು ನಮ್ಮಪ್ಪನ ಮನೆ ಬೆಣ್ಣೆ, ನನ್ನ ಗಂಡನ ಮನೆ ತುಪ್ಪ. ಆದ್ರೆ ಸಂಘದ ಅಧ್ಯಕ್ಷೆ ಆಗಿದ್ದೋಳನ್ನ ಅಳಿಯ ನಡುದಾರೀಲಿ ಇಳಿಸೋದಾ, ಅದೂ ಕೆರೇಲಿ ಬಟ್ಟೆ ಒಗೀತಿದ್ದ ಹೆಂಗಸರೆಲ್ಲ ನೋಡ್ತಿರುವಾಗ! ಇಳಿದೆ. ಚೀಲ ಬಗಲಿಗೆ ಹಾಕ್ಕೊಂಡು ಹತ್ತಿದೆ. ಅಳಿಯಪ್ಪ ಬುರ್ರಂತ ಮುಂದೆ ಹೋಗಿ ಮೇಲ್ಗಡೆ ಕಾಯ್ತಾ ನಿಂತಿದ್ರು. "ನೋಡುದ್ರಾ ಅತ್ತೆ, ಎಂಗ್ ಅತ್ಕತು!" ಅಂತ ಮಗು ತರ ಖುಷಿ ಬೇರೆ. ನಾನು ಅಲ್ಲೇ ಮನಸ್ಸಲ್ಲಿ ಪ್ರಮಾಣ ಮಾಡಿದೆ. ಅವ್ರಾಗೇ ಬಂದು, ಕೈ ಮುಗಿದು, ಹತ್ತಿ ಅತ್ತೆ ಅನ್ನೋವರೆಗೂ ಆ ಗಾಡಿಗೆ ಕಾಲಿಡಲ್ಲ.

ಅವತ್ತು ಅಲ್ಲಿ ಇನ್ನೊಂದು ಕೆಲಸ ಆಗಿತ್ತು. ಅದು ನನಗೆ ತಿಳಿದದ್ದು ಎಷ್ಟೋ ಕಾಲ ಆದ ಮೇಲೆ. ಚಕ್ರಕ್ಕೆ ಕೊಟ್ಟಿದ್ರಲ್ಲ ಕಲ್ಲು, ಅದು ಅವ್ರ ಗಾಡೀದೇ ಕಲ್ಲು, ಯಾವಾಗಲೂ ಗಾಡೀಲೇ ಇರೋದು. ಒಳ್ಳೇ ಕಲ್ಲು ಸಿಕ್ಕೋದು ಕಷ್ಟ, ಸಿಕ್ಕಿದ್ರೆ ಬೇರೆ ಡ್ರೈವರುಗಳು ಎತ್ತಿಕೊಂಡು ಹೋಗ್ತಾರೆ ಅಂತ ಅದರ ತಳಕ್ಕೆ ಬಿಳೀ ಪೇಂಟಲ್ಲಿ ತಮ್ಮ ಹೆಸರು ಬರೆದಿಟ್ಟಿದ್ರಂತೆ. ಸೋಮವಾರ ಗಾಡಿ ಪೂಜೆ ಮಾಡುವಾಗ ಕಲ್ಲಿಗೂ ಮೂರು ಪಟ್ಟೆ ವಿಭೂತಿ, ಕುಂಕುಮ. ಅದನ್ನೂ ತೂಕ ಅಂತ ಅವತ್ತು ಕಾಲಲ್ಲೇ ತಳ್ಳಿ ಹೊಂಗೆ ಮರದ ಕೆಳಗೆ ಬಿಟ್ಟು ಹೋದ್ರು. ಅತ್ತೆ ಒಂದು ಕಡೆ, ಕಲ್ಲು ಒಂದು ಕಡೆ.

ಆ ಕಲ್ಲನ್ನ ಮೊದಲು ನೋಡಿದೋನು ಮಾದು. ಮಾದು ನಮ್ಮೂರಲ್ಲಿ ಗೂಡ್ಸ್ ಆಟೋ ಓಡಿಸ್ತಾನೆ. ಆ ದಿಬ್ಬ ಅವನಿಗೆ ದಿನಾ ಗ್ರಹಚಾರ. ಮರದ ಕೆಳಗೆ ಗುಂಡಗೆ ಕಪ್ಪಗೆ ಎಣ್ಣೆ ಕುಡಿದ ಕಲ್ಲು, ಮೈ ಮೇಲೆ ವಿಭೂತಿ, ಕುಂಕುಮ. ಯಾರೋ ದೇವ್ರು ಬಂದು ಕೂತವ್ರೆ ಅಂತ ಕೈ ಮುಗಿದು ಗೇರ್ ಹಾಕಿದ. ಆಟೋ ಸರ್ರಂತ ಹತ್ತಿಬಿಡ್ತು. ಅವತ್ತು ಆಟೋದಲ್ಲಿ ಲೋಡೇ ಇರಲಿಲ್ಲ, ಅದನ್ನ ಅವನು ಯಾರಿಗೂ ಹೇಳಲಿಲ್ಲ.

ಮಾರನೇ ದಿನ ತೆಂಗಿನಕಾಯಿ. ವಾರದೊಳಗೆ ಹೂವು, ಊದುಗಡ್ಡಿ. ಕುಂಕುಮ ಇದೆ ಅಂದ ಮೇಲೆ ಅಮ್ಮ ಅಂತ ಒಂದು ಪಾರ್ಟಿ, ವಿಭೂತಿ ಇದೆ ಅಂದ ಮೇಲೆ ಅಪ್ಪ ಅಂತ ಇನ್ನೊಂದು ಪಾರ್ಟಿ. ಸೀರೆ ಉಡಿಸಬೇಕೋ ಪಂಚೆ ಉಡಿಸಬೇಕೋ ಅಂತ ಕೆರೆ ಏರಿ ಮೇಲೆ ಜಗಳ. ಕೊನೆಗೆ ನಮ್ಮ ಪಕ್ಕದ ಮನೆ ದೇವಮ್ಮ, ಮೈ ತೊಳೆದು ನೋಡಾಣ ಅಂತ ನೀರು ತಂದು ಕಲ್ಲನ್ನ ಮಗುಚಿದ್ಲು. ತಳದಲ್ಲಿ ಬಿಳೀ ಅಕ್ಷರ: ಷಡಕ್ಷರಿ!

ದೇವಮ್ಮ ಹಾಕಿದ ಕೂಗು ಮಾಂಬಳ್ಳಿವರೆಗೂ ಕೇಳಿರಬೇಕು. "ಮಂತ್ರ ಮೂಡದೆ ಕಣ್ರೋ! ಸಾಕ್ಸಾತ್ ಸಿವ ಕಣ್ರೋ!" ಜಗಳ ಅಲ್ಲಿಗೆ ನಿಂತುಹೋಯ್ತು. ದಿಬ್ಬದಪ್ಪ ಅಂತ ಹೆಸರಿಟ್ರು. ನಾನೂ ಹೋದೆ, ಕಣ್ಣಾರೆ ಓದಿದೆ, ಮೈ ಜುಮ್ಮಂತು. ಏಳನೇ ಕ್ಲಾಸು ಪಾಸಾಗಿ ಏನು ಬಂತು? ಅದು ಅಳಿಯಪ್ಪನ ಹೆಸರೇ ಅಂತ ಹೊಳೆದಿತ್ತು. ಅದು ಅಳಿಯಪ್ಪನ ಕಲ್ಲೇ ಅಂತ ಹೊಳೀಲಿಲ್ಲ ನೋಡಿ.

ಅಷ್ಟರಲ್ಲಿ ನಮ್ಮ ಪುಷ್ಪ ಬಸುರಿ. ಮೊದಲನೇ ಹೆರಿಗೆ ತವರಲ್ಲೇ ಆಗಬೇಕು. ಶ್ರಾವಣದಲ್ಲಿ ಏಳನೇ ತಿಂಗಳು, ಕರ್ಕೊಂಡು ಬರಬೇಕು. ಕಾರು ಕಳಿಸ್ತೀನಿ ಅಂತ ಫೋನ್ ಮಾಡಿದ್ರೆ ಅಳಿಯಪ್ಪನಿಗೆ ರೋಷ ಬಂತು. "ಮನೆ ಮುಂದೆ ನನ್ ಗಾಡಿ ನಿಂತಿರುವಾಗ ನನ್ ಎಂಡ್ತಿನ ಬಾಡ್ಗೆ ಕಾರಲ್ಲಿ ಕಳ್ಸನಾ? ಜನ ಏನಂದಾರು ಅತ್ತೆ? ನಾನೇ ಕರ್ಕಂಡ್ ಬತ್ತೀನಿ." ಪುಷ್ಪ ಫೋನ್ ಇಸ್ಕೊಂಡು ಪಿಸುಗುಟ್ಟಿದ್ಲು: "ಅವ್ವ, ಮೊನ್ನೆ ಆಸ್ಪತ್ರೇಲಿ ನನ್ನ ತೂಕ ಏರಿದೆ ಅಂತ ಡಾಕ್ಟ್ರಮ್ಮ ಖುಷಿಪಟ್ರು. ಇವ್ರು ಅಯ್ಯೋ ಅಂದ್ಬುಟ್ರು ಕಣವ್ವ."

ನಗು ಬರೋ ವಿಷಯ ಅಲ್ಲ ಇದು. ಬೆಲ್ಟಿಲ್ಲದ, ಸ್ಟೆಪ್ನಿ ಇಲ್ಲದ, ಬ್ರೇಕು ಸಡಿಲ ಮಾಡಿರೋ ಗಾಡೀಲಿ ನನ್ನ ಮಗಳು, ಹೊಟ್ಟೇಲಿರೋ ಕೂಸು. ಮೂಗುಬಟ್ಟೊಂದು ಬಿಟ್ಟು ಮೈಮೇಲಿನ ಒಡವೆ ಎಲ್ಲ ಹರಕೆ ಹೇಳ್ಕೊಂಡೆ. ಸೀದಾ ದಿಬ್ಬದಪ್ಪನ ಮುಂದೆ ಹೋಗಿ ಕೂತೆ. "ತಂದೆ, ನಿನ್ನ ಹೆಸರನ್ನೇ ಇಟ್ಕೊಂಡವ್ರೆ ನಮ್ಮ ಅಳಿಯಪ್ಪ. ಒಳ್ಳೇ ಮನುಷ್ಯ, ಬುದ್ಧಿ ಮಾತ್ರ ಹಗುರ ಆಗಿಹೋಗಿದೆ. ಬಿಚ್ಚಿದ್ದನ್ನೆಲ್ಲ ಗಾಡಿಗೆ ತಿರುಗಿ ಹಾಕಿಸು. ನನ್ನ ಮಗಳನ್ನ ಸುಖವಾಗಿ ಮನೆ ಮುಟ್ಟಿಸು. ನಿನಗೆ ಕಟ್ಟೆ ಕಟ್ಟಿಸ್ತೀನಿ." ಕಲ್ಲು ಏನೂ ಹೇಳಲಿಲ್ಲ. ಆದ್ರೆ ಕೇಳಿಸ್ಕೊಂಡ ಹಾಗಿತ್ತು.

ಬರೋ ದಿನ ಮಧ್ಯಾಹ್ನವೇ ಹೋಗಿ ದಿಬ್ಬದ ಮರದ ಕೆಳಗೆ ನಿಂತೆ. ಸಂಘದ ಹೆಂಗಸರೂ ಆರತಿ ತಟ್ಟೆ ಹಿಡ್ಕೊಂಡು ಬಂದಿದ್ರು. ಸಣ್ಣಗೆ ಜಿನುಗು ಮಳೆ. ಗಾಡಿ ಬರೋದಕ್ಕೆ ಮೊದಲು ಮಾದು ಬಂದ, ಆಟೋ ತುಂಬ ಸಿಮೆಂಟ್ ಮೂಟೆ. ದಿಬ್ಬ ಅರ್ಧಕ್ಕೂ ಬರಲಿಲ್ಲ, ನಿಂತುಹೋಯ್ತು. ದಿಬ್ಬದಪ್ಪನಿಗೆ ಕೈ ಮುಗಿದ, ಸ್ಟಾರ್ಟ್ ಮಾಡಿದ, ಕೈ ಮುಗಿದ, ಸ್ಟಾರ್ಟ್ ಮಾಡಿದ. ಊಹೂಂ, ಕದಲಲಿಲ್ಲ.

ಅಷ್ಟರಲ್ಲಿ ನಮ್ಮ ಗಾಡಿ. ಮುಂದೆ ಪುಷ್ಪ, ಮಡಿಲಲ್ಲಿ ಒಂದು ಹೂವಿನ ಕವರು. ಬಟ್ಟೆ ಪೆಟ್ಟಿಗೆ ಎಲ್ಲಿ ಅಂತ ನಾನು ಕೇಳಲಿಲ್ಲ, ಅದು ಬಸ್ಸಲ್ಲಿ ಬರ್ತಿತ್ತು ಅಂತ ಆಮೇಲೆ ಗೊತ್ತಾಯ್ತು. ಮಾದು ಒದ್ದಾಡೋದು ನೋಡಿದ್ರಲ್ಲ, ಅಳಿಯಪ್ಪನಿಗೆ ಸುಮ್ಮನಿರೋಕಾಗಲ್ಲ. ಪಕ್ಕದಿಂದ ಗಾಡಿ ಮುಂದಕ್ಕೆ ತಂದು, ಗೇರಲ್ಲೇ ನಿಲ್ಲಿಸಿ, ಆಟೋಗೆ ಹಗ್ಗ ಕಟ್ಟಿದ್ರು. "ಎಳ್ದಾಕ್ಬುಡ್ತೀನಿ ನೋಡ್ಲಾ" ಅಂದ್ರು. ಮಗಳೇ ಇಳಿಯವ್ವ ಅಂದೆ. "ಕೆಸರಲ್ಲಿ ಜಾರಿ ಬಿದ್ರೆ ಏನವ್ವ ಗತಿ, ಮೇಲಕ್ಕೋದ ಮೇಲೆ ಇಳೀತೀನಿ" ಅಂದ್ಲು ಪುಷ್ಪ. ಅದೂ ಸರಿ ಅನ್ನಿಸ್ತು.

ಎಳೆದ್ರು. ಎಂಜಿನ್ನು ಕಿರುಚಾಡ್ತು, ಹಿಂದಿನ ಚಕ್ರ ನಿಂತಲ್ಲೇ ಗಿರಗಿರ ತಿರುಗಿ ಕೆಸರನ್ನೆಲ್ಲ ಮಾದು ಮುಖಕ್ಕೆ ಹೊಡೀತು. ಮಾದು ಮುಖ ಒರೆಸ್ಕೊಂಡು ಬಂದ.

"ಅಣ್ಣ, ನಿನ್ ಗಾಡಿ ಬಲು ಅಗೂರ ಕಣಣ್ಣ. ಇಂದ್ಗಡೆ ತೂಕನೇ ಇಲ್ಲ, ಟೈರು ನೆಲ ಎಂಗ್ ಇಡ್ದಾದು? ಯಾರ್ನಾರಾ ಅತ್ತುಸ್ಬೇಕು."

ಅಳಿಯಪ್ಪ ಸುತ್ತ ನೋಡಿದ್ರು. ಆರತಿ ತಟ್ಟೆ ಹಿಡಿದ ಹೆಂಗಸರನ್ನ ನೋಡಿದ್ರು. ಆಮೇಲೆ ನನ್ನನ್ನ ನೋಡಿದ್ರು. ನಾನು ಕೆರೆ ಕಡೆ ತಿರುಗಿ ಬಾತುಕೋಳಿ ಎಣಿಸೋ ಹಾಗೆ ನಿಂತೆ. ಹೆಜ್ಜೆ ಮೇಲೆ ಹೆಜ್ಜೆ ಇಟ್ಕೊಂಡು ಬಂದ್ರು, ಕೆಸರು ಕೈಯನ್ನ ಪಂಚೆಗೆ ಒರೆಸಿ ಎರಡೂ ಕೈ ಜೋಡಿಸಿದ್ರು.

"ಅತ್ತೆ, ಅತ್ತಿ."

"ಏನಂದ್ರಿ?"

"ಅತ್ತಿ, ಅತ್ತೆ."

"ಅತ್ತೆ ಅನ್ನೋದು ಕೇಳಿಸ್ತು. ಎರಡನೇದು ಏನು?"

"ಗಾಡಿ ಅತ್ತಿ ಅತ್ತೆ, ನಿಮ್ ದಮ್ಮಯ್ಯ."

ಆಹಾ! ಆ ಎರಡು ಮಾತು ಕೇಳೋಕೆ ಯುಗಾದಿಯಿಂದ ಕಾದಿದ್ದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ದೇವಮ್ಮನ ಭುಜ ಹಿಡಿದು ಹತ್ತಿದೆ. ಹಿಂದೆ ಬಾಗಿಲೇ ಇಲ್ಲವಲ್ಲ, ಹತ್ತೋದು ಸಲೀಸು. ನನ್ನ ಹಿಂದೆ ದೇವಮ್ಮ, ಅವಳ ಹಿಂದೆ ಸಂಘದೋರೆಲ್ಲ. ಜನರ ತೂಕ ಕೇಳಿ ಕೆಳಗಿಳಿಸ್ತಿದ್ದ ಅಳಿಯಪ್ಪ ಮದುವೆ ಮನೆ ಬಾಗಿಲಲ್ಲಿ ನಿಂತೋರ ತರ ಕರೀತವ್ರೆ: "ಬನ್ನಿ ಅಕ್ಕ, ಬನ್ನಿ. ದಪ್ಪಗಿರೋರು ಇಂದಕ್ ಬನ್ನಿ, ಸಣ್ಣಗಿರೋರು ಮುಂದಕ್ ಓಗಿ. ಇನ್ಯಾರಾ ಇದ್ದೀರಾ?" ನನಗೆ ನಗು ತಡೆಯೋಕಾಗಲಿಲ್ಲ.

ತೂಕ ಬಿತ್ತು, ಚಕ್ರ ನೆಲ ಹಿಡೀತು. ಗಾಡಿ ಹೊರಟಿತು, ಹಿಂದೆ ಆಟೋನೂ ಬಂತು. ಹೆಂಗಸರೆಲ್ಲ ಹೋ ಅಂದ್ರು. ಹೊಂಗೆ ಮರ ದಾಟಿದ್ವೋ ಇಲ್ಲವೋ, ಎಂಜಿನ್ನು ಒಂದು ಸಲ ಕೆಮ್ಮಿ ಆಫ್ ಆಯ್ತು.

ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಮೆಲ್ಲಗೆ, ಬಲು ಮೆಲ್ಲಗೆ, ಗಾಡಿ ಹಿಂದಕ್ಕೆ ಸರಿಯೋಕೆ ಶುರುವಾಯ್ತು. ಹಿಂದೆ ಒಂದು ಆಟೋ ಸಿಮೆಂಟು ಹಗ್ಗ ಹಿಡಿದು ಜಗ್ತಾ ಇದೆ. ಮಾದು ಬ್ರೇಕ್ ಒತ್ತಿದ್ರೂ ಟೈರು ಕೆಸರಲ್ಲಿ ಜಾರ್ತಿದೆ. ಕೆಳಗೆ ತಿರುವು, ಹಳ್ಳ. ಅಳಿಯಪ್ಪ ಬ್ರೇಕ್ ಮೇಲೆ ನಿಂತೇಬಿಟ್ಟವ್ರೆ, ಗಾಡಿ ನಿಲ್ತಾ ಇಲ್ಲ. ಒಳಗಿಂದ ಪುಷ್ಪ "ಅವ್ವಾ!" ಅಂದ್ಲು. ಆ ಕೂಗು ಇವತ್ತಿಗೂ ನನ್ನ ಕಿವೀಲಿದೆ.

ನನ್ನ 'ಹ'ಕಾರ ಹಾರಿಹೋಯ್ತು. ಅತ್ತೆ ಅಳಿಯ ಅನ್ನೋ ಮರ್ಯಾದೆಯೂ ಅದರ ಹಿಂದೇನೇ ಹೋಯ್ತು.

"ಲೇ ಷಡಕ್ಷರೀ! ಇಡ್ಕಳ್ಳಾ! ನನ್ ಮಗ್ಳವ್ಳೆ ಒಳ್ಗೆ! ಷಡಕ್ಷರೀ!"

ಹೆಂಗಸರಿಗೆ ಏನರ್ಥ ಆಯ್ತು ಅಂತೀರಿ? ಚಿಕ್ಕಬಸಮ್ಮ ದಿಬ್ಬದಪ್ಪನ ಮಂತ್ರ ಶುರು ಮಾಡಿದ್ಲು ಅಂತ! ದೇವಮ್ಮ ಕಣ್ಣು ಮುಚ್ಚಿ "ಓಂ ನಮಃ ಶಿವಾಯ" ಅಂದ್ಲು, ಗಾಡಿ ತುಂಬ ಇದ್ದೋರೆಲ್ಲ ಚಪ್ಪಾಳೆ ತಟ್ಟಿ "ಓಂ ನಮಃ ಶಿವಾಯ" ಅಂದ್ರು. ಗಾಡಿ ಹಿಂದಕ್ಕೆ ಹೋಗ್ತಾ ಇದೆ, ಭಜನೆ ಜೋರಾಗ್ತಾ ಇದೆ.

"ಕಲ್ಲು!" ಅಂತ ಒಳಗಿಂದ ಅಳಿಯಪ್ಪ ಅರಚಿದ್ರು. "ಚಕ್ರಕ್ಕೆ ಕಲ್ಲು ಕೊಡ್ರೋ!"

ಬಾಗಿಲಿಲ್ಲದ ಹಿಂಬದಿಯಿಂದ ಧುಮುಕಿದೆ. ಕಾಲು ಉಳಿದದ್ದೇ ಹೆಚ್ಚು. ಗಾಡಿ ಮತ್ತೆ ಹೊಂಗೆ ಮರದ ಹತ್ರವೇ ಬಂದಿತ್ತು, ಕಣ್ಣಿಗೆ ಬಿದ್ದ ಕಲ್ಲು ಅದೊಂದೇ. ಹೂವಿನ ಹಾರ, ಊದುಗಡ್ಡಿ ಬೂದಿ, ಎಲ್ಲ ಸಮೇತ ಅಪ್ಪಿ ಎತ್ತಿದೆ. ದೇವಮ್ಮ ಕಣ್ಣು ಬಿಟ್ಟು ಕಿರುಚಿದ್ಲು: "ದೇವ್ರನ್ನ ಮುಟ್ಬ್ಯಾಡಿ ಕಣಕ್ಕಾ, ಕಣ್ಣೋಯ್ತವೆ!"

"ಓಗ್ಲಿ ಬುಡೇ!" ಅಂದೆ. "ತಪ್ಪಾಯ್ತು ತಂದೆ, ಒಸಿ ಕೆಲ್ಸ ಅದೆ ಬಾ" ಅಂತ ಹಿಂದಿನ ಚಕ್ರಕ್ಕೆ ಕೊಟ್ಟೆ.

ಟಣ್ ಅಂತು. ಗಾಡಿ ಕುಲುಕಿತು. ನಿಂತಿತು. ಹಗ್ಗ ಬಿಗಿಯಾಗಿ ಆಟೋನೂ ನಿಂತಿತು. ಕೆರೆ ಕಡೆಯಿಂದ ಗಂಡಸರು ಓಡಿ ಬಂದು ಇನ್ನೂ ನಾಲ್ಕು ಕಲ್ಲು ತುರುಕಿದ್ರು. ಭಜನೆ ಮಾತ್ರ ಇನ್ನೂ ನಿಂತಿರಲಿಲ್ಲ.

ಅಳಿಯಪ್ಪ ಇಳಿದ್ರು. ಬಗ್ಗಿ ಚಕ್ರ ನೋಡಿದ್ರು. ಕಲ್ಲು ಮಗುಚಿಕೊಂಡು ಕೂತಿತ್ತು, ಬಿಳೀ ಅಕ್ಷರ ಎದ್ದು ಕಾಣ್ತಿತ್ತು.

"ಇದು ನನ್ ಗಾಡಿ ಕಲ್ಲಲ್ವಾ!" ಅಂದ್ರು.

ಜನ ನಕ್ಕರು. "ನಿಮ್ ಗಾಡಿ ಕಲ್ಲಲ್ಲ ಸಾಮಿ, ನಿಮ್ ಗಾಡೀನ ಕಾಯ್ದ ದಿಬ್ಬದಪ್ಪ."

"ಅಯ್ಯೋ, ಅಲ್ಲ ಕಣ್ರಿ! ನಾನೇ ಬರ್ದಿದ್ದು, ಪೇಂಟಲ್ಲಿ! ನನ್ ಎಸ್ರು ಅದು!"

ದೇವಮ್ಮ ಗಾಡಿ ಮೇಲಿಂದಲೇ ಕೇಳಿದ್ಲು: "ಆ ಎಸ್ರು ಮೊದ್ಲು ಯಾರ್ದು? ನಿಮ್ದಾ, ದೇವ್ರುದಾ?"

ನನಗೆ ಅವಾಗ ಎಲ್ಲ ಹೊಳೀತು, ಆದ್ರೂ ಬಾಯಿ ಬಿಡಲಿಲ್ಲ. ಕಲ್ಲು ಯಾರದ್ದಾದ್ರೇನು, ಹರಕೆ ಹೊತ್ತಿದ್ದು ನಾನು, ನಡೆಸಿಕೊಟ್ಟಿದ್ದು ಅದು. ಅಳಿಯಪ್ಪ ಎದ್ದು ಪುಷ್ಪನ ಕಡೆ ಬಾಗಿಲು ತೆಗೆದ್ರು. ಪುಷ್ಪ ಬೆವೆತು ಹೋಗಿದ್ಲು, ಎರಡೂ ಕೈಯಲ್ಲಿ ಹೊಟ್ಟೆ ಹಿಡಿದಿದ್ಲು. ಗಂಡನ ಮುಖಾನೇ ನೋಡಿ ಮೆಲ್ಲಗೆ ಕೇಳಿದ್ಲು:

"ಒಸಿ ಇಳಿದು ನಡ್ಕೊಂಡ್ ಬರ್ಲಾ?"

ಅಷ್ಟೇ. ಆ ಮನುಷ್ಯ ಕೆಸರಲ್ಲೇ ಕುಕ್ಕರಿಸಿ ಮುಖ ಮುಚ್ಕೊಂಡು ಅತ್ತುಬಿಟ್ರು. "ಮಗೀನ್ ತೂಕಕ್ಕೂ ಅಯ್ಯೋ ಅಂದ್ಬುಟ್ನಲ್ಲ ಪುಷ್ಪಾ" ಅಂದ್ರು. ನನ್ನ ಸಿಟ್ಟೆಲ್ಲ ಇಳಿದುಹೋಯ್ತು. ಸೆರಗಲ್ಲಿ ಅವ್ರ ತಲೆ ಒರೆಸಿ, "ಏಳಿ ಅಳಿಯಪ್ಪ, ಮಳೇಲಿ ನೆನೀಬೇಡಿ" ಅಂದೆ. ನಾನೂ ಅಳ್ತಿದ್ದೆ ಅಂತ ದೇವಮ್ಮ ಊರೆಲ್ಲ ಹೇಳ್ಕೊಂಡು ಬಂದವ್ಳೆ. ಅಳ್ತಿದ್ದೆ, ಏನೀಗ?

ಆ ವಾರವೇ ಮನೆಯೊಳಗಿದ್ದ ಗಾಡಿ ಗಾಡಿಗೇ ಹೋಯ್ತು. ಬ್ರೇಕು ಬಿಗಿ, ಹೊಸ ಬೆಲ್ಟು, ಸ್ಟೆಪ್ನಿ, ಜಾಕಿ, ಗಾರ್ಡು. ಪುಷ್ಪನ ಹಪ್ಪಳಕ್ಕೆ ಮಾತ್ರ ಜಾಗ ತಪ್ಪಿತು. ಹನೂರಿನ ನಿಂಗರಾಜುವಿನ ಹದಿನೆಂಟರ ಗುಟ್ಟೂ ಆಚೆ ಬಂತು. ಆ ಪುಣ್ಯಾತ್ಮ ಮೈಲೇಜು ಅಳೆದಿದ್ದು ಮಾದಪ್ಪನ ಬೆಟ್ಟದಿಂದ ಇಳಿಯುವಾಗಂತೆ, ಎಂಜಿನ್ ಆಫ್ ಮಾಡಿಕೊಂಡು! ಅಂಥೋನ ಮಾತಿಗೆ ನನ್ನ ಮಗಳ ಜೀವ ತೂಗಾಡ್ತಲ್ಲ ಅಂತ ಹನೂರಿಗೇ ಹೋಗಿ ಉಗಿದು ಬರೋಣ ಅಂತಿದ್ದೆ, ಪುಷ್ಪ ತಡೆದ್ಲು.

ದಿಬ್ಬದಪ್ಪನ ಕಟ್ಟೆಗೆ ಇಟ್ಟಿಗೆ, ಮರಳು ಎಲ್ಲ ಅಳಿಯಪ್ಪನೇ ತಂದು ಹಾಕಿದ್ರು. ಆ ಗಾಡಿ ಇಟ್ಟಿಗೆ ಮುಖ ನೋಡಿ ಎಷ್ಟು ಕಾಲ ಆಗಿತ್ತೋ. ಕಲ್ಲು ವಾಪಸ್ ಕೇಳೋ ಧೈರ್ಯ ಅವ್ರಿಗೆ ಬರಲಿಲ್ಲ. ಸಂಘದೋರೆಲ್ಲ ಕೂತು ಒಂದು ಕಟ್ಟಲೆ ಮಾಡಿದ್ವಿ. ದಿಬ್ಬದಲ್ಲಿ ಯಾರ ಗಾಡಿ ನಿಂತ್ರೂ ದಿಬ್ಬದಪ್ಪನ್ನ ಎತ್ತಿ ಚಕ್ರಕ್ಕೆ ಕೊಡಬಹುದು. ಕೆಲಸ ಆದ ಮೇಲೆ ತೊಳೆದು, ವಿಭೂತಿ ಇಟ್ಟು, ಕಟ್ಟೆ ಮೇಲೆ ಕೂರಿಸಬೇಕು. ಕೆಲಸ ಮಾಡೋ ದೇವ್ರು ನಮ್ಮದು.

ಹೆಣ್ಣು ಮಗು ಆಯ್ತು. ಧನುಶ್ರೀ ಅಂತ ಹೆಸರು. ಆಸ್ಪತ್ರೇಲಿ ನರ್ಸಮ್ಮ ತೂಗಿ, "ಎರಡೂ ಮುಕ್ಕಾಲು ಕೆಜಿ, ಚೆನ್ನಾಗಿದೆ" ಅಂದ್ರೆ ಅಳಿಯಪ್ಪನಿಗೆ ಸಮಾಧಾನವೇ ಇಲ್ಲ. "ಅಷ್ಟೇನಾ ಸಿಸ್ಟರ್? ಇನ್ನೊಂದ್ ಸಲಿ ತೂಗಿ. ಬಟ್ಟೆ ಸೇರ್ಸಿ ತೂಗಿ."

ಮನೆಗೆ ಬರೋ ದಿನ ಪುಷ್ಪ ನಡುವೆ, ನಾನು ಕಿಟಕಿ ಪಕ್ಕ, ನನ್ನ ಮಡಿಲಲ್ಲಿ ಕೂಸು. ದಿಬ್ಬದ ಬುಡದಲ್ಲಿ ಮಾದು ಎದುರಾದ. ಸ್ಟೆಪ್ನಿ, ಗಾರ್ಡು, ಬಾಗಿಲು ಎಲ್ಲ ಹೊತ್ತ ಗಾಡೀನ ಮೇಲಿಂದ ಕೆಳಗೆ ನೋಡಿ ಕೇಳಿದ:

"ಎಷ್ಟ್ ಬತ್ತಾ ಅದೆ ಅಣ್ಣ ಈಗ?"

ಅಳಿಯಪ್ಪ ಕೂಸಿನ ಮುಖದಿಂದ ಕಣ್ಣು ತೆಗೀಲಿಲ್ಲ. "ಎರಡೂ ಮುಕ್ಕಾಲು ಕಣ್ಲಾ."

"ಸಿವನೇ! ಎರಡೂ ಮುಕ್ಕಾಲಾ?" ಮಾದು ಎದೆ ಮೇಲೆ ಕೈ ಇಟ್ಕೊಂಡ. "ಮ್ಯಾಲಿಂದೆಲ್ಲ ಬಿಚ್ಚಾಕ್ಬುಡಣ್ಣ!"

"ಬಿಚ್ಚದಾ? ಈ ಚಳೀಲಾ? ಇನ್ನೊಂದ್ ಸ್ವೆಟ್ರು ಆಕಣಾ ಅಂತಿವ್ನಿ. ಆಲು ಕುಡೀತಾ ಕುಡೀತಾ ಏರ್ತದೆ ಅಂದವ್ರೆ ಡಾಕ್ಟ್ರು."

ಪುಷ್ಪ ನಗೋಕೆ ಶುರು ಮಾಡಿದೋಳು ದಿಬ್ಬದ ಅರ್ಧದವರೆಗೂ ನಕ್ಕಳು. ಹೊಂಗೆ ಮರದ ಹತ್ರ ಅಳಿಯಪ್ಪ ಗಾಡಿ ನಿಲ್ಲಿಸಿದ್ರು, ಹ್ಯಾಂಡ್‌ಬ್ರೇಕ್ ಎಳೆದ್ರು. ನಡುದಿಬ್ಬದಲ್ಲಿ ನಿಲ್ಲಿಸಿದ್ರೆ ಡೀಸೆಲ್ ಕುಡಿಯುತ್ತೆ ಅನ್ನೋದು ಅವ್ರಿಗೆ ನೆನಪೇ ಇರಲಿಲ್ಲ. ಮಗಳನ್ನ ದಿಬ್ಬದಪ್ಪನಿಗೆ ತೋರಿಸಬೇಕಂತೆ.

"ಅತ್ತೆ, ನೀವ್ ಕೂತಿರಿ, ನಾನೇ ಇಳ್ದು ಚಕ್ರುಕ್ಕೆ ಕಲ್ಲ್ ಕೊಡ್ತೀನಿ" ಅಂದ್ರು.

ಕೂಸನ್ನ ಅವ್ರ ಕೈಗೆ ಕೊಟ್ಟೆ. "ನೀವು ಹಿಡ್ಕೊಂಡಿರಿ, ಭದ್ರ" ಅಂತ ನಾನೇ ಇಳಿದೆ.